ಸೋಮವಾರ ಹೂಡದ ಪಿಕಪ್

ನಮ್ಮ ಮನೆತನದಲ್ಲಿ ಗುಡಿಯ ಘಂಟೆ ಬಾರಿಸಿದವರಿದ್ದಾರೆ, ಕಚೇರಿಯಲ್ಲಿ ಕಾರಕೂನಕಿ ಮಾಡಿದವರಿದ್ದಾರೆ, ನನ್ನಂತೆ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರೂ ಇದ್ದಾರೆ. ಗೇರು ಹಾಕಿದವನು ಕಾಕಾ ಒಬ್ಬನೇ. ನನ್ನ ತಂದೆಯ ಕೊನೆಯ ತಮ್ಮ. ಅವನು ಬೆಳ್ಳಟ್ಟಿಯಲ್ಲಿ ಪಿಕಪ್ ಕೊಂಡ ಖಬರು ಬಂದಾಗ ನಮ್ಮ ಹಿರಿಯರು ಸೂತಕದ ಮನೆಯವರಂತೆ ಮಾತಿಲ್ಲದೆ ಕೂತಿದ್ದರಂತೆ. ಆಮೇಲೆ ಅದೇ ಹಿರಿಯರು ಒಬ್ಬೊಬ್ಬರಾಗಿ ಅದೇ ಪಿಕಪ್ಪಿನಲ್ಲಿ ಗದಗಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದರು. ಕುಲಗೌರವದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಗಾಡಿಯನ್ನು ವರ್ಣಿಸುವುದು ನನ್ನ ಕರ್ತವ್ಯ. ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ, ನಡುವೆ ಇಬ್ಬರು ಆರಾಮವಾಗಿ, ಮೂವರು ಪ್ರೀತಿಯಿಂದ ಕೂಡಬಹುದಾದ ಕ್ಯಾಬಿನ್. ಮೂಲದಲ್ಲಿ ತಿಳಿನೀಲಿಯಂತೆ, ಈಗಿರುವುದು ಬೆಳ್ಳಟ್ಟಿಯ ಧೂಳೂ ಕಾಕಾನ ಹಟವೂ ಕೂಡಿ ಆದ ಒಂದು ಬಣ್ಣ. ಕ್ಯಾಬಿನ್ನಿನ ಬೆನ್ನಿಗೆ ಗಾಜು ಬಿದ್ದುಹೋದ ಕಿಟಕಿ. ತೊಟ್ಟಿಯಲ್ಲಿ ಕೂತವರು ಕ್ಯಾಬಿನ್ನಿನ ತಗಡನ್ನು ಒಮ್ಮೆ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ನಡಿ. ಎಡಗಡೆಯ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ಹಿಡಿಕೆ ಎಂದೋ ಕೈಕೊಟ್ಟಿದೆ. ಒಳಗೆ ಕೂತವರು ಬಾಗಿ ತೆಗೆಯಬೇಕು.

ಆ ಬಾಗಿಲ ಒಳಗಿನ ಸೀಟು ಚಿಗವ್ವನದು, ಅಂದರೆ ಕಾಕಾನ ಹೆಂಡತಿಯದು. ಮುಂಜಾನೆ ಬೆಳ್ಳಟ್ಟಿಯ ಕಾಯಿಪಲ್ಲೆ, ಉಳ್ಳಾಗಡ್ಡಿ ತುಂಬಿಕೊಂಡು ಶಿರಹಟ್ಟಿಯ ಮೇಲೆ ಗದಗ. ಸಂಜೆ ಅಂಗಡಿಗಳ ಕಿರಾಣಿ ಸಾಮಾನು ಹೇರಿಕೊಂಡು ವಾಪಸು. ಗಾಡಿ ಹೊಡೆಯುವ ಖಾತೆ ಕಾಕಾನದು, ಮಾರ್ಕೆಟ್ಟಿನಲ್ಲಿ ದಲಾಲರ ಜೊತೆ ಜಗಳವಾಡುವ ಖಾತೆ ಚಿಗವ್ವನದು. ಎರಡೂ ಖಾತೆಗಳು ದಕ್ಷತೆಯಿಂದ ನಡೆಯುತ್ತಿದ್ದವು.

ಕೆಲವು ವರ್ಷದ ಹಿಂದೆ ಒಂದು ಮುಂಜಾನೆ ಆಕೆಗೆ ಎದೆಯಲ್ಲಿ ಉರಿ. "ಗ್ಯಾಸ್ ಆಗೇತಿ. ಮಾಲು ಇಳಿಸಿ ಆಮ್ಯಾಲ ಡಾಕ್ಟರಿಗೆ ತೋರಿಸಿದ್ರಾತು" ಎಂದು ತಾನೇ ತೀರ್ಮಾನಿಸಿ ಹತ್ತಿ ಕೂತಳು. ಗದಗ ಮುಟ್ಟಿ, ಮಾರ್ಕೆಟ್ಟು ಇನ್ನೇನು ಬಂತು ಅನ್ನುವಾಗ ಆಕೆಯ ತಲೆ ಬಾಗಿಲಿಗೆ ಒರಗಿತು. ಕಾಕಾ ಉಳ್ಳಾಗಡ್ಡಿಯ ಚೀಲಗಳ ಸಮೇತ ಗಾಡಿಯನ್ನು ಆಸ್ಪತ್ರೆಯ ಅಂಗಳಕ್ಕೆ ನುಗ್ಗಿಸಿದ. ಡಾಕ್ಟರು ಬಂದರು, ನೋಡಿದರು, ಕಾಕಾನ ಭುಜದ ಮೇಲೆ ಕೈಯಿಟ್ಟು, "ಒಂದ್ ಅರ್ಧ ತಾಸು ಮೊದ್ಲ ಬಂದಿದ್ರ ನೋಡಬಹುದಿತ್ರಿ" ಎಂದರು.

ನಮ್ಮ ಕಡೆ ಅರ್ಧ ತಾಸು ಅನ್ನುವುದು ಕಾಲದ ಅಳತೆಯಲ್ಲ, ಉಪಚಾರದ ಮಾತು. ಅರ್ಧ ತಾಸಿನಾಗ ಬಂದೆ ಎಂದು ಹೋದ ಬಡಿಗ ಮುಂದಿನ ಉಗಾದಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಡಾಕ್ಟರೂ ನಮ್ಮ ಕಡೆಯವರೇ. ಏನಾದರೂ ಅನ್ನಬೇಕಲ್ಲ ಎಂದು ಅಂದಿರಬೇಕು. ಆದರೆ ಕಾಕಾ ಹೊತ್ತಿಗೆ ಸರಿಯಾಗಿ ಘಂಟೆ ಬಾರಿಸುವ ಮನೆತನದಲ್ಲಿ ಹುಟ್ಟಿದವನು. ಆ ಮಾತನ್ನು ಹಾಗೇ ಎತ್ತಿ ಎದೆಯಲ್ಲಿಟ್ಟುಕೊಂಡ. ದಿನಕರ್ಮ ಮುಗಿದ ಮರುದಿನ ಬೇವಿನ ಗಿಡದ ಕೆಳಗೆ ನಿಂತು ಗಾಡಿಯ ಬಾನೆಟ್ ಎತ್ತಿ ಇಂಜಿನ್ ನೋಡುತ್ತ ಅವನು ಆಡಿದ್ದು ಇಷ್ಟೇ: "ಇದು ಜಲ್ದಿ ಓಡಿದ್ರ ಆಕಿ ಉಳೀತಿದ್ಲು."

ಹಾಗೆ ಶುರುವಾದದ್ದು ಈ ಗಾಡಿಯ ಜೀರ್ಣೋದ್ಧಾರ.

ಗಾಡಿ ಹೊರಗಿನಿಂದ ಹೇಗಿತ್ತೋ ಹಾಗೇ ಇರಬೇಕು, ಬಣ್ಣ ಸಹ ಮುಟ್ಟಬಾರದು, ದಿನದ ಕೆಲಸ ತಪ್ಪಬಾರದು. ಆದರೆ ಓಡಿದರೆ ಗಾಳಿಯಂತೆ ಓಡಬೇಕು. ಈ ಮೂರು ಷರತ್ತುಗಳನ್ನು ಕೇಳಿ ಬೆಟಗೇರಿಯ ಮಿಸ್ತ್ರಿ ಬೀಡಿ ಆರಿಸಿದ. ಮಗ್ಗದ ಸದ್ದಿನ ಓಣಿಯ ತುದಿಗೆ ಅವನ ಶೆಡ್ಡು. ತಾತನ ಕಾಲದಲ್ಲಿ ಚಕ್ಕಡಿ ಗಾಲಿಗೆ ಹಳಿ ಕಟ್ಟುತ್ತಿದ್ದ ಮನೆತನ. ಅವನು ಇಂಜಿನ್ನಿಗೆ ಬಡ್ತಿ ಪಡೆದವನು. ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಸ್ವಲ್ಪ ನಿಧಾನ.

"ಆತ್ರಿ ಯಜಮಾನ್ರ, ಗಾಡಿ ಒಂದೆರಡ ತಿಂಗಳ ನನ್ನ ಕಡೆ ಬಿಡ್ರಿ."

"ತಿಂಗಳಾ? ಸೋಮವಾರ ಬಿಡ್ತೀನಿ. ಮಂಗಳವಾರ ಮುಂಜಾನಿ ಗಾಡಿ ಬೆಳ್ಳಟ್ಯಾಗ ಇರಬೇಕು."

ಎತ್ತುಗಳಿಗೆ ಸೋಮವಾರ ಬಿಡುವು, ಅವತ್ತು ನೊಗ ಹೊರಿಸುವುದಿಲ್ಲ. ಇದು ನಮ್ಮ ಕಡೆಯ ಎಲ್ಲ ರೈತರ ಮನೆಯ ನಡವಳಿಕೆ. ಕಾಕಾ ಅದನ್ನು ಗಾಡಿಗೂ ಅನ್ವಯಿಸಿದ್ದ. ಕೊಂಡ ದಿನದಿಂದ ಅದನ್ನು ಯಾವ ಸೋಮವಾರವೂ ಹೂಡಿದ್ದಿಲ್ಲ. ಮೈತೊಳೆದು, ಮೂತಿಗೆ ವಿಭೂತಿ ಹಚ್ಚಿ, ನೆರಳಿಗೆ ಕಟ್ಟುತ್ತಿದ್ದ. ಕಟ್ಟುತ್ತಿದ್ದ ಅಂದರೆ ಖರೇನೇ ಒಂದು ಹಗ್ಗ ಇತ್ತು.

"ಎತ್ತಿಗೆ ಸೋಮವಾರ ಸೂಟಿ ಕೊಡೂದು ಕೇಳೇನ್ರಿ," ಎಂದ ಮಿಸ್ತ್ರಿ. "ಡೀಜಲ್ ಗಾಡಿಗೆ?"

"ಅದೂ ಎಳೀತೈತಲ್ಲೋ. ಎಳಿಯೂದು ಯಾವುದ ಇರಲಿ, ಒಂದಿನಾ ಬಿಡಬೇಕು."

"ಹಂಗಾರ ಈ ಕೆಲಸ ಮುಗಿಯೂದ್ರಾಗ ನನ್ನ ಮಗನ ಲಗ್ನ ಆಗ್ತೈತಿ ತಗೋರಿ."

"ಎಷ್ಟು ವಯಸ್ಸೋ ಮಗಗ?"

"ಮಗಾ ಇನ್ನೂ ಹುಟ್ಟಿಲ್ರಿ. ನನ್ನ ಲಗ್ನ ಅಷ್ಟ ಆಗೇತಿ."

ಹೀಗೆ ರವಿವಾರ ಸಂಜೆ ಗಾಡಿಯನ್ನು ಬೆಟಗೇರಿಗೆ ಬಿಡುವುದು, ಸೋಮವಾರ ಬಿಚ್ಚುವುದು, ಕತ್ತಲಾಗುವುದರೊಳಗೆ ಮತ್ತೆ ಓಡುವಂತೆ ಕೂಡಿಸುವುದು, ಮಂಗಳವಾರ ನಸುಕಿಗೆ ಊರಿಗೆ ತರುವುದು. ಹುಬ್ಬಳ್ಳಿಯ ಗುಜರಿಯಿಂದ ದೊಡ್ಡ ಗಾಡಿಯೊಂದರ ಟರ್ಬೊ ಇಂಜಿನ್ ಬಂತು. ಅದನ್ನು ಕೂಡಿಸುವ ಬುಡ ಬೆಸೆಯಲು ಕೆಲವು ಸೋಮವಾರ, ರೇಡಿಯೇಟರ್ ಹಿಗ್ಗಿಸಲು ಕೆಲವು. ಇಂಜಿನ್ ಬದಲಾಯಿಸಿದ್ದಕ್ಕೆ ಸರಕಾರದ ಒಪ್ಪಿಗೆಯ ಮುದ್ರೆ ಒತ್ತಿಸುವ ಕೆಲಸ ನನ್ನದು. ನಿವೃತ್ತ ಮಾಸ್ತರರಿಗೆ ಸಾಲಿನಲ್ಲಿ ನಿಲ್ಲುವುದೇ ವ್ಯಾಯಾಮ. ಹೊಸ ಇಂಜಿನ್ ಬಂದು ಬ್ರೇಕು ಹಳೆಯದೇ ಉಳಿದಿದ್ದ ನಡುವಿನ ದಿನಗಳಲ್ಲಿ ಗಾಡಿ, ಹರೆಯದ ಎದೆ ಮತ್ತು ಮುಪ್ಪಿನ ಮೊಣಕಾಲು ಎರಡೂ ಇರುವ ಪ್ರಾಣಿಯಾಗಿತ್ತು. ಆಗ ಕಾಕಾ ಅದನ್ನು ಹಿಂದೆಂದಿಗಿಂತ ನಿಧಾನ ಹೊಡೆದ. ಶಿರಹಟ್ಟಿಯಲ್ಲಿ ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ ಹಿಂದಿರುಗಿ ನೋಡುತ್ತಿದ್ದರು.

ಎಡಬಾಗಿಲ ಹಿಡಿಕೆಯನ್ನೂ ರಿಪೇರಿ ಮಾಡುತ್ತೇನೆಂದು ಮಿಸ್ತ್ರಿ ಒಮ್ಮೆ ಸ್ಕ್ರೂಡ್ರೈವರ್ ಹಚ್ಚಿದ. ಕಾಕಾ ಅವನ ಕೈ ಹಿಡಿದ.

"ಅದು ಬ್ಯಾಡ."

"ಬಿಟ್ಟಿ ಮಾಡ್ತೀನ್ರಿ."

"ಬ್ಯಾಡ ಅಂದೆ."

ಮಿಸ್ತ್ರಿ ನನ್ನ ಮುಖ ನೋಡಿದ. ನಾನು ಮಗ್ಗದ ಸದ್ದು ಕೇಳುತ್ತ ನಿಂತೆ.

ಅದರ ಕಾರಣ ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ನಿವೃತ್ತಿಯ ಮೇಲೆ ನಾನೂ ನನ್ನ ಹೆಂಡತಿಯೂ ಬೆಳ್ಳಟ್ಟಿಯ ಮನೆಗೇ ಬಂದಿದ್ದೆವು. ದಿನಾ ಮುಂಜಾನೆ ಕಾಕಾ ಬಲಗಡೆಯಿಂದ ಗಾಡಿ ಹತ್ತುತ್ತಾನೆ. ಎಡಗಡೆಗೆ ಬಾಗಿ ಆ ಬಾಗಿಲನ್ನು ಒಳಗಿನಿಂದ ತೆರೆಯುತ್ತಾನೆ. ಒಬ್ಬ ಹೆಂಗಸು ನಿರಿಗೆ ಎತ್ತಿ ಹಿಡಿದು, ಹತ್ತಿ, ಸರಿಯಾಗಿ ಕೂಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಾನೆ. ಸೆರಗು ಬಾಗಿಲಿಗೆ ಸಿಕ್ಕೀತೆಂದು ಕೆಳಗೊಮ್ಮೆ ನೋಡುತ್ತಾನೆ. ಆಮೇಲೆ ಎಳೆದು ಹಾಕಿಕೊಳ್ಳುತ್ತಾನೆ. ಅಡಿಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತಿದ್ದ ನನ್ನ ಹೆಂಡತಿ, "ಮಾವಾರು ಬಾಗಲಾ ತಗದು ಕುಂತಾರ. ಚಾ ಇನ್ನೊಂದೀಟ ತಡದು ಒಯ್ರಿ" ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ನಾವು ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಸೀಟಿನ ರೆಕ್ಸಿನ್ ಒಂದು ಕಡೆ ತಗ್ಗಾಗಿತ್ತು. ಕೂಡಬೇಡಿರೆಂದು ಯಾರೂ ಹೇಳಿರಲಿಲ್ಲ, ಆದರೂ ಯಾರೂ ಅಲ್ಲಿ ಕೂಡುತ್ತಿರಲಿಲ್ಲ. ಇಡೀ ಜಿಲ್ಲೆಯ ಕನ್ನಡ ವ್ಯಾಕರಣವನ್ನು ಹೆಗಲ ಮೇಲೆ ಹೊತ್ತಿದ್ದ ನಾನು ಹಿಂದೆ ಬದನೆಕಾಯಿ ಬುಟ್ಟಿಗಳ ನಡುವೆ ಕೂತು ಗದಗಕ್ಕೆ ಹೋಗಿ ಬರುತ್ತಿದ್ದೆ.

ಬ್ರೇಕೂ ಬದಲಾಗಿ, ಸ್ಪ್ರಿಂಗಿನ ಪಾಟಾ ಬಿಗಿಯಾಗಿ, ಗಾಡಿ ತಯಾರಾದ ಸೋಮವಾರ ಮಿಸ್ತ್ರಿ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದ. ಕಾಕಾ ಮುಂದೆ ಕಟ್ಟಿಗೆಯ ಬಾಂಕಿನ ಮೇಲೆ ಕೂತು ಚಾ ಕುಡಿಯುತ್ತಿದ್ದ.

"ಸರ, ಡೀಜಲ್ ಪಂಪ್ ಇನ್ನೊಂದೀಟ ತಿರುವಿದ್ರ ಗಾಡಿ ಹಿಡಿಯಾಕ ಆಗೂದಿಲ್ಲ, ಹಂಗ ಹೋಗ್ತೈತಿ. ತಿರುವ್ಲೋ ಬ್ಯಾಡೋ?"

"ನನ್ನ ಯಾಕ ಕೇಳ್ತಿ?"

"ಯಜಮಾನ್ರು ಬಂದಾಗೊಮ್ಮೆ ಕೇಳ್ತಾರ, ಈಗ ಅರ್ಧ ತಾಸು ಉಳೀತೈತೇನು ಅಂತ. ಉಳೀತು ಅಂತ ತಿಳೀರಿ. ಅವರು ಏನ್ಮಾಡ್ತಾರ್ರಿ ಆಗ?"

ಇಷ್ಟು ಸೋಮವಾರಗಳಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಅಲ್ಲ, ಹೊಳೆದದ್ದನ್ನು ನಾನು ಬದಿಗೆ ಸರಿಸಿದ್ದೆ. ಗಾಡಿ ಅರ್ಧ ತಾಸು ಉಳಿಸಿತೆಂದರೆ ಚಿಗವ್ವ ಬದುಕಬಹುದಿತ್ತು, ಕಾಕಾ ಈ ಇಂಜಿನ್ನನ್ನು ಮೊದಲೇ ಹಾಕಿಸಬಹುದಿತ್ತು, ಹಾಕಿಸಲಿಲ್ಲ ಎಂದಾಗುತ್ತದೆ. ಉಳಿಸಲಿಲ್ಲವೆಂದರೆ ಇಷ್ಟು ದಿನದ ದುಡಿಮೆ ಮಣ್ಣುಪಾಲು, ಆದರೆ ಕಾಕಾನಿಗೆ ನಿದ್ದೆ ಬಂದೀತು. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಬೆಸೆದು, ತಿಕ್ಕಿ, ಎಣ್ಣೆ ಹಾಕಿ ತಯಾರು ಮಾಡಿದ ಆರೋಪಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ತಿರುವಬ್ಯಾಡ," ಅಂದೆ. "ಆದ್ರ ಒಂದೀಟ ಕಮ್ಮಿನ ಮಾಡು."

ಮಿಸ್ತ್ರಿಗೆ ಅವಮಾನವಾಯಿತು. "ಕಮ್ಮಿ ಮಾಡಾಕ ನಾ ಯಾಕ ಬೇಕ್ರಿ ಸರ? ಅದಕ್ಕ ಬೆಳ್ಳಟ್ಟಿ ರಸ್ತಾ ಐತಲ್ಲ." ಎಂದವನು, ಪಂಪನ್ನು ಮುಟ್ಟದೆ ಬಾನೆಟ್ ಮುಚ್ಚಿದ.

ಪರೀಕ್ಷೆಯ ದಿನ ಬಂತು. ಖಾಲಿ ಗಾಡಿಯಲ್ಲಿ ಹೋಗೋಣವೆಂದರೆ ಕಾಕಾ ಒಪ್ಪಲಿಲ್ಲ. "ಅವತ್ತಿನಂಗ ಇರಬೇಕು." ಅವತ್ತಿನಂತೆ ಉಳ್ಳಾಗಡ್ಡಿ ಚೀಲ ಹೇರಿಸಿದ. ಕಣ್ಣಿಗೆ ಪೊರೆ ಬಂದು ಜೋರಾಗಿ ಹೊಡೆಯಲು ಆಗುತ್ತಿರಲಿಲ್ಲವಾದ್ದರಿಂದ ಸ್ಟೇರಿಂಗು ನನಗೆ ಕೊಟ್ಟ. ನನಗೆ ಗಾಡಿ ಕಲಿಸಿದವನು ಅವನೇ. ನಾನು ಅವನ ಅತ್ಯಂತ ದಡ್ಡ ವಿದ್ಯಾರ್ಥಿ. ಒಳಗಿನಿಂದ ಬಾಗಿ ನಾನು ಎಡಬಾಗಿಲು ತೆರೆದೆ. ಕಾಕಾ ಹೊರಗೆ ನಿಂತ, ಹತ್ತಲಿಲ್ಲ. ಯಾರೋ ಮುಂದೆ ಹತ್ತಬೇಕಾದವರನ್ನು ಹತ್ತಿಸಿದವನಂತೆ ಸ್ವಲ್ಪ ನಿಂತು, ಆಮೇಲೆ ಹತ್ತಿ ಸೀಟಿನ ಅಂಚಿಗೆ ಕೂತ. ಅರ್ಧ ಸೀಟು ಬಿಟ್ಟೇ ಕೂತ. ಕೈಗಡಿಯಾರ ಬಿಚ್ಚಿ ಮುಂದಿನ ಗಾಜಿನ ಕೆಳಗೆ ಇಟ್ಟ.

ಊರು ದಾಟಿ ಒತ್ತಿದೆ. ಮಿಸ್ತ್ರಿಯ ಬಾಯಿ ಜೋರೆಂದು ಹೇಳಿದೆನಲ್ಲ. ಕೆಲಸವೂ ಜೋರಾಗೇ ಮಾಡಿದ್ದ. ಚೀಲಗಳ ಭಾರ ಗಾಡಿಗೆ ಗೊತ್ತೇ ಆಗಲಿಲ್ಲ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೊಂದಾಗಿ ಹಿಂದೆ ಬಿದ್ದವು. ಮೊದಲು ಲಾರಿಗಳು ನಮ್ಮನ್ನು ಬೈದು ದಾಟುತ್ತಿದ್ದ ಏರಿನಲ್ಲಿ ಒಂದು ಲಾರಿಯನ್ನು ನಾವೇ ದಾಟಿದೆವು. ಅದರ ಡ್ರೈವರ್ ನಮ್ಮ ಗಾಡಿಯ ವಯಸ್ಸು ನೋಡಿ ಬಾಯಿ ತೆರೆದದ್ದು ಕನ್ನಡಿಯಲ್ಲಿ ಕಂಡಿತು. ನಾನು ಗಡಿಯಾರದ ಕಡೆ ನೋಡಿದೆ. ಇದು ಉಳಿಸುತ್ತದೆ. ಇದು ಖರೇನೇ ಅರ್ಧ ತಾಸು ಉಳಿಸುತ್ತದೆ.

ಮುಂದೆ ಜಾಲಿಗಿಡದ ಹತ್ತಿರ ಒಬ್ಬ ಮನುಷ್ಯ ಕೈ ಎತ್ತಿದ. ನಾನು ಹಾರ್ನ್ ಒತ್ತಿ ದಾಟುವವನಿದ್ದೆ.

"ನಿಲ್ಲಸು," ಎಂದ ಕಾಕಾ.

"ಕಾಕಾ, ಟೈಮ್ ನೋಡಾಕ ಹೊಂಟೇವಲ್ಲ."

"ನಿಲ್ಲಸಲೇ. ಅವತ್ತಿನಂಗ ಅಂದೆನಲ್ಲ." ಆಮೇಲೆ ಗಡಿಯಾರ ನೋಡುತ್ತಲೇ ಹೇಳಿದ: "ಅವತ್ತೂ ಇಲ್ಲೇ ಒಬ್ಬಾಂವ ಕೈ ಮಾಡಿದ. ನಾ ಬಿಟ್ಟ ಹೊಂಟಿದ್ದೆ. ಆಕಿ, ಹತ್ತಿಸ್ಕೋರಿ, ಬಿಸಲಾಗ ನಿಂತಾನ ಅಂದ್ಲು."

ನಿಲ್ಲಿಸಿದೆ. ಮನುಷ್ಯ ತೊಟ್ಟಿಗೆ ಹತ್ತಿ ತಗಡು ಬಡಿದ, ಎರಡು ಸಲ. ಹೊರಟೆವು. ಇಂಜಿನ್ ಏರುತ್ತಿದ್ದಂತೆ ಇನ್ನೊಂದು ಕೈ. ಒಬ್ಬಳು ಹಾಲಿನ ಕ್ಯಾನು ಇಟ್ಟುಕೊಂಡು ನಿಂತಿದ್ದಳು. "ಇಲ್ಲೂ ನಿಲ್ಲಸು. ಇಲ್ಲೂ ಅಂದ್ಲು." ಶಿರಹಟ್ಟಿಯ ಮಠದ ಕಡೆಯ ತಿರುವಿನಲ್ಲಿ ಒಂದು ಮದುವೆಯ ಮಂದಿ ಇಡಿಯಾಗಿ ಹತ್ತಿತು, ಅವರ ಟ್ರಂಕು ಹತ್ತಿಸುವುದರಲ್ಲೇ ಒಂದು ಚಾ ಕುಡಿಯುವಷ್ಟು ಹೊತ್ತು ಹೋಯಿತು. ಅವತ್ತೂ ಅಲ್ಲಿ ಯಾರೋ ಒಂದು ಆಡು ಹತ್ತಿಸಿದ್ದರಂತೆ. ಆಡು ಒಪ್ಪಿರಲಿಲ್ಲವಂತೆ.

ಇಷ್ಟು ವರ್ಷ ಕಾಕಾ ನಮಗೆ ಇಂಜಿನ್ನಿನ ಕಥೆಯನ್ನಷ್ಟೇ ಹೇಳಿದ್ದ. ಈ ನಿಲ್ಲಿಸಿದ ಕಥೆಯನ್ನು ಹೇಳಿರಲಿಲ್ಲ. ಅವನು ಇಂಜಿನ್ನನ್ನು ಹಿಡಿದು ಕೂತದ್ದು ಯಾಕೆಂದು ನನಗೆ ಆಗ ತಿಳಿಯಿತು. ಇಂಜಿನ್ನಿನ ತಪ್ಪು ಎಂದರೆ ಬಿಚ್ಚಿ ಬದಲಾಯಿಸಬಹುದು. ಹತ್ತಿಸ್ಕೋರಿ ಅಂದವಳ ತಪ್ಪು ಎಂದು ಹೇಳಲು ಯಾವ ಬಾಯಿ ಬೇಕು?

ಶಿರಹಟ್ಟಿ ದಾಟಿದ ಮೇಲೆ ಒಬ್ಬ ಮುದುಕಿ ಗಂಟು ಹಿಡಿದು ನಿಂತಿದ್ದಳು. ಮೊಣಕಾಲು ಬಾತಿತ್ತು, ತೊಟ್ಟಿಗೆ ಹತ್ತಲು ಆಗದು. ಕಾಕಾ ಬಾಗಿಲು ತೆರೆದು ಇಳಿದ.

"ಯವ್ವಾ, ಮುಂದ ಕುಂಡ್ರು."

"ನೀವು?"

"ನಾ ಉಳ್ಳಾಗಡ್ಡಿ ಮ್ಯಾಲ ಕುಂದರ್ತೀನಿ. ನಮ್ಮ ಹುಡುಗ ಇಷ್ಟ ವರ್ಷ ಅಲ್ಲೇ ಕುಂತಾನ, ಏನೂ ಆಗಿಲ್ಲ." ಹುಡುಗ ಎಂದರೆ ನಾನು, ಅರವತ್ತು ದಾಟಿದವನು.

ಮುದುಕಿ ಚಿಗವ್ವನ ತಗ್ಗಿನಲ್ಲಿ ಕೂತಳು. ಕಾಕಾ ಹಿಂದೆ ಹೋಗಿ ಕಿಟಕಿಗೆ ಬೆನ್ನು ಹಚ್ಚಿ ಕೂತದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಕಣಗಿನಹಾಳದ ಮಗಳ ಮನೆಗೆ ಹೊರಟವಳು ಆಕೆ, ಗದಗದಲ್ಲಿ ಇಳಿದು ಬಸ್ಸು ಹಿಡಿಯಬೇಕಂತೆ. ಸ್ವಲ್ಪ ದೂರ ಹೋದ ಮೇಲೆ ಬಾಗಿಲ ಅಂಚನ್ನು ಮುಟ್ಟಿ ನೋಡಿದಳು.

"ಈ ಗಾಡ್ಯಾಗ ಮುಂದ ಒಬ್ಬಾಕಿ ಕುಂದರ್ತಿದ್ಲಲ್ಲಾ. ಸದ್ದು ಬ್ಯಾರೆ ಆಗೇತಿ, ಗಾಡಿ ಮಾತ್ರ ಅದ ಐತಿ."

"ನಮ್ಮ ಚಿಗವ್ವ. ಈಗ ಇಲ್ಲ."

"ಗೊತ್ತೈತಿ, ಆಮ್ಯಾಲ ಮಂದಿ ಹೇಳಿದ್ರು. ಆಕಿ ಹೋದ ದಿನಾ ನಾ ಇಲ್ಲೇ ಕುಂತಿದ್ನೆಪಾ. ಸರದು ಜಾಗಾ ಮಾಡಿ ಕೊಟ್ಲು."

ನಾನು ಗೇರು ಇಳಿಸಿದೆ.

"ಬೆವತು ನೀರಾಗಿದ್ಲು," ಎಂದಳು ಮುದುಕಿ. "ಏನಾತವಾ ಅಂದೆ. ನನ್ನ ಕೈ ಒತ್ತಿ ಹಿಡದು, ಕಿವ್ಯಾಗ, ಅವರಿಗೆ ಹೇಳಬ್ಯಾಡ ಅಂದ್ಲು. ಹೇಳಿದ್ರ ಗಾಡಿ ಓಡಸ್ತಾರ, ಹಿಂದ ಕುಂತವರು ಚೆಲ್ಲಿ ಹೋಗ್ತಾರ ಅಂದ್ಲು. ನಕ್ಕೋತನ ಅಂದ್ಲು. ಹೆಂಗಸರದು ಇದ್ದದ್ದ ಅಂತ ನಾನೂ ಸುಮ್ಮನಾದೆ. ಗದಗಿನಾಗ ಇಳಿಯುಮುಂದ ನನ್ನ ಗಂಟು ಆಕೀನ ಎತ್ತಿ ಕೊಟ್ಲು."

ಹಿಂದಿನ ಕಿಟಕಿಗೆ ಗಾಜಿಲ್ಲವೆಂದು ಮೊದಲೇ ಹೇಳಿದ್ದೇನೆ. ಇಂಜಿನ್ನಿನ ಸದ್ದಿತ್ತು, ಗಾಳಿಯಿತ್ತು, ಮದುವೆಯ ಮಂದಿಯ ಗದ್ದಲವಿತ್ತು. ಕನ್ನಡಿಯಲ್ಲಿ ಕಾಕಾನ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಯಾರೂ ಕೈ ಎತ್ತಿರದ ಬಯಲು ರಸ್ತೆಯಲ್ಲಿ ಗಾಡಿ ನಿಂತಿತು.

ತೊಟ್ಟಿಯಲ್ಲಿ ಗದ್ದಲ ಅಡಗಿತು. ಆಮೇಲೆ ತಲೆಯ ಮೇಲಿನ ತಗಡಿಗೆ ಅಂಗೈ ಬಿತ್ತು. ಒಮ್ಮೆ. ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ.

ನಡಿ ಎಂದು. ನಡೆದೆ.

ಗದಗದಲ್ಲಿ ಎಲ್ಲರೂ ಇಳಿದರು. ಮುದುಕಿಯ ಗಂಟನ್ನು ಕಾಕಾನೇ ಎತ್ತಿ ಕೊಟ್ಟ. ಆಸ್ಪತ್ರೆಯ ಕಡೆ ಗಾಡಿ ತಿರುಗಿಸಲೇ ಎಂದು ಕೇಳಿದೆ. "ಮಾರ್ಕೆಟ್ಟಿಗೆ ನಡಿ, ಉಳ್ಳಾಗಡ್ಡಿ ಬಾಡ್ತಾವ," ಎಂದ. ಗಾಜಿನ ಕೆಳಗಿದ್ದ ಗಡಿಯಾರವನ್ನು ನೋಡದೆ ಎತ್ತಿ ಜೇಬಿಗೆ ಹಾಕಿಕೊಂಡ. ನಾನು ನೋಡಿದ್ದೆ. ಜಿಲ್ಲೆಯ ಅತ್ಯಂತ ವೇಗದ ಪಿಕಪ್ಪು, ಹಳೆಯ ಇಂಜಿನ್ ಇದ್ದಾಗ ಮುಟ್ಟುತ್ತಿದ್ದ ಹೊತ್ತಿಗೇ ಗದಗ ಮುಟ್ಟಿತ್ತು.

ಮುದುಕಿಯ ಮಾತು ಅವನಿಗೆ ಕೇಳಿಸಿತೋ ಇಲ್ಲವೋ ನಾನು ಕೇಳಿಲ್ಲ. ಅವನೂ ಹೇಳಿಲ್ಲ. ಆದರೆ ಅವತ್ತಿನಿಂದ ಅರ್ಧ ತಾಸಿನ ಸುದ್ದಿ ಎತ್ತಿಲ್ಲ. ಪೊರೆ ತೆಗೆಸಿಕೊಂಡು ಈಗ ಮನೆಯಲ್ಲೇ ಇರುತ್ತಾನೆ. ಗಾಡಿ ನನ್ನ ಪಾಲಿಗೆ ಬಂದಿದೆ. ಕಾಕಾ ಮುಂಜಾನೆ ಅಂಗಳಕ್ಕೆ ಬಂದು, ಬಲಗಡೆಯಿಂದ ಹತ್ತಿ, ಎಡಬಾಗಿಲು ತೆರೆಯುವುದನ್ನು ಮಾತ್ರ ಬಿಟ್ಟಿಲ್ಲ. ಹಾಕಿಕೊಳ್ಳುವ ಮೊದಲು, "ಸಾವಕಾಶ ಹೊಡಿ, ಹಿಂದ ಮಂದಿ ಇರ್ತಾರ," ಎನ್ನುತ್ತಾನೆ. ನನಗೆ ಹೇಳುತ್ತಾನೆಂದೇ ತಿಳಿದಿದ್ದೇನೆ.

ಸಂಜೆ ಮಾಲಿಲ್ಲದೆ ಮಂದಿಯಿಲ್ಲದೆ ಮರಳುವ ದಿನ, ಶಿರಹಟ್ಟಿ ದಾಟಿ ಬಯಲು ಬಂದಾಗ ನಾನು ಒಮ್ಮೊಮ್ಮೆ ಮಿಸ್ತ್ರಿಯ ಗೌರವಾರ್ಥ ಗಾಡಿಯನ್ನು ಪೂರಾ ಒತ್ತುತ್ತೇನೆ. ಅದು ಹೋಗುತ್ತದೆ, ನಿಜವಾಗಿಯೂ ಗಾಳಿಯಂತೆ. ಆಗ ತಲೆಯ ಮೇಲಿನ ತಗಡು ಒಂದು ಸಲ ಬಡಿಯುತ್ತದೆ. ಹಿಂದೆ ನೋಡಿದರೆ ಖಾಲಿ ತೊಟ್ಟಿ, ಉಳ್ಳಾಗಡ್ಡಿಯ ಸಿಪ್ಪೆ ಹಾರಾಡುತ್ತಿರುತ್ತದೆ. ವೇಗಕ್ಕೆ ಕ್ಯಾಬಿನ್ನಿನ ಬೋಲ್ಟು ಸಡಿಲಾಗಿದೆ, ಯಾವುದಾದರೂ ಸೋಮವಾರ ತರ್ರಿ, ಬಿಗಿ ಮಾಡೋಣು ಎನ್ನುತ್ತಾನೆ ಮಿಸ್ತ್ರಿ. ನಾನು ಅವನ ಮಾತನ್ನು ಪೂರ್ತಿ ನಂಬುತ್ತೇನೆ. ಸೋಮವಾರಗಳು ಬರುತ್ತವೆ, ಹೋಗುತ್ತವೆ, ಬಿಗಿ ಮಾಡಿಸಿಲ್ಲ. ತಗಡು ಬಡಿದಾಗ ಗಾಡಿ ಬದಿಗೆ ಹಚ್ಚಿ ನಿಲ್ಲಿಸುತ್ತೇನೆ. ಎಡಗಡೆಗೆ ಬಾಗಿ ಬಾಗಿಲು ತೆರೆಯುತ್ತೇನೆ. ಸೆರಗು ಸಿಕ್ಕೀತೆಂದು ಕೆಳಗೊಮ್ಮೆ ನೋಡಿ, ಎಳೆದು ಹಾಕಿಕೊಂಡು, ಸಾವಕಾಶ ಬೆಳ್ಳಟ್ಟಿಗೆ ಹೊರಡುತ್ತೇನೆ.